ಮೆತ್ತನೆ ಚರ್ಮ

ಮಿಲಿಟರಿ ಆಸ್ಪತ್ರೆಯಲ್ಲಿ ಕರಿಗೇರಿನ ರಸವನ್ನು ತನಿಯಪ್ಪನ ಕಣ್ಣರೆಪ್ಪೆಗೆ ಹಚ್ಚಿದರು. ಅವನನ್ನು ಕೇಳಿರಲಿಲ್ಲ.

ಅಗಸನ ಕೈಚರ್ಮ ಒರಟು, ಅಲ್ಲಿ ಏನೂ ಗೊತ್ತಾಗುವುದಿಲ್ಲವೆಂದು ರೆಪ್ಪೆಯನ್ನೇ ಆರಿಸಿದ್ದರು. ಈಗ ಆ ಕಣ್ಣು ಬಾತು ಮುಚ್ಚಿಹೋಗಿತ್ತು. ನೀರುಗುಳ್ಳೆಗಳು ಗಲ್ಲದವರೆಗೆ ಸೋರುತ್ತಿದ್ದವು. ಕಾಶವ್ವ ಗಂಡನ ಮುಖಕ್ಕೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು.

ಈ ರಸದಲ್ಲೇ ಬದುಕಿದ ಮನೆತನ ಅದು. ಪುಣೆ ಕ್ಯಾಂಪಿನ ಸಾಹೇಬರ ಅಂಗಿಗಳ ಕೊರಳಪಟ್ಟಿಯೊಳಗೆ ರಸದಿಂದ ಗುರುತು ಬರೆದು ಮೇಲೆ ಸುಣ್ಣ ತೀಡಿದರೆ, ಕಲ್ಲಿಗೆ ಎಷ್ಟು ಬಡಿದರೂ ಅದು ಹೋಗುತ್ತಿರಲಿಲ್ಲ. ಯುದ್ಧ ಬಂದ ಮೇಲೆ ಅರಿವೆಗಳು ಗುಡ್ಡೆಗಟ್ಟಲೆ ಬರತೊಡಗಿದವು. ಸುಣ್ಣ ತೀಡಿ ಒಣಗಿಸಲು ಪುರಸೊತ್ತು ಉಳಿಯಲಿಲ್ಲ, ಗುರುತು ಹಸಿಯಾಗಿಯೇ ಹೋಗುತ್ತಿತ್ತು. ಒಬ್ಬ ಮೇಜರ್ ಸಾಹೇಬನ ಕುತ್ತಿಗೆಯ ಸುತ್ತ ಹುಣ್ಣೆದ್ದವು. ಗುರುತಿನಿಂದಲೋ ಸಾಬೂನಿನಿಂದಲೋ ತಿಳಿಯಬೇಕಿತ್ತು. ರಸದಲ್ಲಿ ಅದ್ದಿದ ಚಿಂದಿಯನ್ನು ಚರ್ಮಕ್ಕೆ ಅಂಟಿಸಿ ಕಾಯುವ ಹೊಸ ಪರೀಕ್ಷೆಯಿತ್ತಂತೆ. ಸಾಹೇಬನಿಗೇ ಅಂಟಿಸಲು ಡಾಕ್ಟರಿಗೆ ಧೈರ್ಯವಾಗಲಿಲ್ಲ, ತನಿಯಪ್ಪನನ್ನು ಕರೆಸಿದ್ದ.

ಬಾಗಿಲಲ್ಲಿ ಕಂಪೌಂಡರ್ ಮಾರ್ತಾಂಡರಾಯ ನಿಂತಿದ್ದ. ಇವರಂತೆಯೇ ಧಾರವಾಡದ ಕಡೆಯವನು. ಕೈಯಲ್ಲಿ ಬಾಟಲಿ, ಪಟ್ಟಿ.

"ಇಂವಂದು ಲೆಕ್ಕಕ್ಕಿಲ್ಲ ಕಾಶವ್ವ," ಎಂದ. "ಜನ್ಮ ಎಲ್ಲಾ ಇದರಾಗ ಕೈ ಅದ್ದಿದಾಂವ. ಮೈ ಮೊದಲ ಕೆಟ್ಟಿತ್ತು ಅಂತಾರ ಡಾಕ್ಟರ್. ರಸಾ ಮುಟ್ಟದ ಮೆತ್ತನ್ನ ಚರ್ಮ ಬೇಕಂತ."

"ಯಾರ್ದ್ರೀ?"

ಅವನ ನೋಟ ಮನೆಯೊಳಗೆ ಹೋಯಿತು. ಅಲ್ಲಿ ಮಗಳು ಅಂಬಾ ಗೋಡೆಗೆ ಆತು ನಿಂತಿದ್ದಳು. ಅವಳ ಮದುವೆ ಆಗಷ್ಟೇ ನಿಶ್ಚಯವಾಗಿತ್ತು.

"ಕುತ್ತಿಗಿಗೊಂದು ಚಿಂದಿ, ಬಗಲಾಗೊಂದು. ಬೆವರು ಕೂಡೋ ಜಾಗಾನ ಬೇಕು. ನಮ್ಮ ಕಡೀ ಮಂದಿ ಅಂತ ನಾನೇ ಹೇಳ್ಲಿಕ್ಕೆ ಬಂದೀನಿ."

"ನಿಮ್ಮ ಮನ್ಯಾಗ ಮೆತ್ತನ್ನ ಚರ್ಮದವ್ರು ಯಾರೂ ಇಲ್ಲೇನ್ರಿ ರಾಯರ?" ತನಿಯಪ್ಪ ಕೇಳಿದ. ನಗಲು ಹೋದಾಗ ಗುಳ್ಳೆಯೊಂದು ಒಡೆಯಿತು, ನರಳಿದ.

ಮಾರ್ತಾಂಡರಾಯನ ಮುಖ ಬಿಗಿಯಿತು. "ನಾಳಿಂದ ಅರಿವಿ ಗಂಟು ಬರೂದಿಲ್ಲ. ಧೋಬಿ ಘಾಟಿನ ಕಲ್ಲೂ ಹೋಗ್ತದ. ಯುದ್ಧದ ಕಾಲ ಇದು. ಸಾಹೇಬಗ ವಿಷಾ ಹಾಕ್ಯಾರ ಅಂತ ಪೊಲೀಸರು ಒಯ್ದರ, ನಿಮ್ಮನ್ನ ಕೇಳಾವ್ರು ಯಾರು?"

ಕಾಶವ್ವನಿಗೆ ಕಣ್ಣು ಬಾತ ಗಂಡನ ಕೈಗೆ ಕೋಳ ಬಿದ್ದಂತೆ ಕಂಡಿತು. ಅವಳ ಕೈ ತಾನಾಗಿ ಮಗಳ ಕಡೆ ಚಾಚಿತು, ಕರೆಯಲೆಂದೇ. ಅಂಬಾ ಆ ಕೈಯನ್ನು ನೋಡಿದಳು. ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಳು.

ಕಾಶವ್ವ ಕೈ ಹಿಂದಕ್ಕೆಳೆದುಕೊಂಡಳು. ಎದ್ದು ಬಾಗಿಲಿಗೆ ಬಂದಳು.

"ಹುಣ್ಣು ಸಾಹೇಬರ ಕುತ್ತಿಗ್ಯಾಗ ಅದಾವ್ರಿ," ಎಂದಳು. "ಚಿಂದಿ ಅಲ್ಲೇ ಅಂಟಸ್ರಿ."

"ದಾರಿ ಬಿಡು."

"ಬಿಡೂದಿಲ್ರಿ."

ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಎರಡೂ ಕೈಗಳಿಂದ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.