ಹಕ್ಕಿಹೆಜ್ಜೆ

"ಇದು ಬಾಣದ ಮೊನೆನಾ ಮೇಡಂ, ಇಲ್ಲಾ ಬರೀ ಕಲ್ಲಾ?" ಬಾವಿ ತೋಡುವವನು ಕೇಳಿದ.

ಮ್ಯೂಸಿಯಮ್ಮಿನಲ್ಲಿ ಹಳೆಯ ವಸ್ತು ಪರೀಕ್ಷಿಸುವ ಅವಳ ಮೇಜಿನ ಮುಂದೆ ಎಲ್ಲರೂ ಕೇಳುವ ಪ್ರಶ್ನೆಯೇ. ತಂದವರ ಪಾಲಿಗೆ ಜಲ್ಲಿಕಲ್ಲೂ ಬಾಣವೇ. ಅವಳು ಮಸೂರ ಹಿಡಿದು ರೂಢಿಯಂತೆ ಬುಡದಿಂದ ನೋಡತೊಡಗಿದಳು. ತುದಿ ಯಾವ ಕಲ್ಲಿಗಾದರೂ ಚೂಪಾಗಿರಬಹುದು, ಜಾತಿ ತಿಳಿಯುವುದು ಬುಡದಲ್ಲಿ. ಎರಡೂ ಪಕ್ಕ ಬಾಣದ ಕೋಲಿಗೆ ನಾರು ಬಿಗಿಯಲು ಕಚ್ಚು ಮಾಡಲಾಗಿತ್ತು. ಮೈಯೆಲ್ಲ ಸುಣ್ಣಗಟ್ಟಿದ ಬಿಳಿ ಪೊರೆ. ಅಂಥ ಪೊರೆ ಬರಲು ಸಾವಿರಾರು ವರ್ಷ ಮಣ್ಣಿನಡಿ ಇರಬೇಕು.

"ಮೊನೆನೇ. ತುಂಬಾ ಹಳೇದು," ಎಂದವಳು ಮಸೂರವನ್ನು ಇನ್ನಷ್ಟು ಹತ್ತಿರ ಹಿಡಿದಳು.

ಚಕ್ಕೆ ಎದ್ದ ಗೆರೆಗಳು ಎಡಗೈಯವನ ಓರೆಯಲ್ಲಿದ್ದವು. ಬುಡದಲ್ಲಿ, ಪೊರೆಯ ಅಡಿಯಲ್ಲಿ, ಹಕ್ಕಿಯ ಹೆಜ್ಜೆಯಂತೆ ಮೂರು ಗೀರು.

ಆ ಗುರುತು ಅವಳ ಅಣ್ಣನದು. ಎಡಚ. ಮ್ಯೂಸಿಯಮ್ಮಿಗೆ ಹಳೆಯ ಮೊನೆಗಳ ನಕಲು ಮಾಡಿಕೊಡುತ್ತಿದ್ದ. ಮುಂದೆ ಯಾರೂ ಅಸಲಿ ಎಂದು ಮೋಸಹೋಗಬಾರದೆಂದು ಪ್ರತಿಯೊಂದರಲ್ಲೂ ವಜ್ರದ ಸೂಜಿಯಿಂದ ಹಕ್ಕಿಹೆಜ್ಜೆ ಕೊರೆಯುತ್ತಿದ್ದ. ಕೆಲವು ವರ್ಷಗಳ ಹಿಂದೆ ಕಲ್ಲು ಆರಿಸಲು ಗುಡ್ಡಕ್ಕೆ ಹೋದವನು ಮರಳಲಿಲ್ಲ. ಹುಡುಕಿ ಹುಡುಕಿ ಎಲ್ಲರೂ ಕೈಚೆಲ್ಲಿದರು, ಅಮ್ಮನೊಬ್ಬಳನ್ನು ಬಿಟ್ಟು. ಒಬ್ಬನೇ ಎಲ್ಲಿ ಬಿದ್ದಿದ್ದಾನೋ ಎಂದು ಕೊರಗುತ್ತ ಆಕೆ ಇಂದಿಗೂ ಬಾಗಿಲಿಗೆ ಚಿಲಕ ಹಾಕಗೊಡುವುದಿಲ್ಲ.

ಅವಳು ಮೇಜಿನ ಮೇಲಿದ್ದ ಸೂಜಿಯಿಂದ ಪೊರೆಯನ್ನು ಕೆದಕಿದಳು. ಜಪ್ಪಯ್ಯ ಎನ್ನಲಿಲ್ಲ. ಗೀರಿನೊಳಗೂ ಇಳಿದು ಕಲ್ಲಾಗಿತ್ತು. ಅಂದರೆ ಅಣ್ಣ ಗೀರಿದ್ದು ಪೊರೆ ಬರುವ ಮೊದಲು, ಸಾವಿರಾರು ವರ್ಷಗಳ ಹಿಂದೆ.

"ಎಲ್ಲಿ ಸಿಕ್ತು?"

"ಗುಡ್ಡದ ತಪ್ಪಲಲ್ಲಿ, ಮೂರಾಳುದ್ದ ಕೆಳಗೆ. ಯಾಕ್ ಮೇಡಂ ಹಂಗೆ ನೋಡ್ತೀರಾ, ನಾನೇನು ಕದ್ದು ತಂದಿಲ್ಲ." ಅವನು ಜೇಬಿನಿಂದ ಇನ್ನೊಂದನ್ನು ತೆಗೆದ. "ಇದೂ ಪಕ್ಕದಲ್ಲೇ ಇತ್ತು. ಸೊಟ್ಟ ಇದೆ, ಬಿಸಾಕೋಣ ಅಂತಿದ್ದೆ."

ಸೊಟ್ಟಗೇ ಇತ್ತು. ಒಂದು ಕಚ್ಚು ಮೇಲೆ, ಒಂದು ಕೆಳಗೆ, ಅಂಚೆಲ್ಲ ತಪ್ಪೇಟು. ಅದರ ಮೇಲೂ ಅದೇ ಪೊರೆ. ಕಲಿಯುವವರ ಕೈ, ಅದೂ ಬಲಗೈ. ಗಾತ್ರ ನೋಡಿದರೆ ಮಗುವಿನದು. ಬುಡದಲ್ಲಿ, ಕಲ್ಲಿನಿಂದ ಉಜ್ಜಿ ಉಜ್ಜಿ ಮೂಡಿಸಿದ ಹಕ್ಕಿಹೆಜ್ಜೆ.

ಅದು ನಕಲಿನ ಗುರುತೆಂದು ಮಗುವಿಗೇನು ಗೊತ್ತು? ಮೊನೆ ಮಾಡಿದರೆ ಕೊನೆಗೆ ಹೀಗೆ ಗೀಚಲೇಬೇಕು ಎಂದುಕೊಂಡು ನಾಲಗೆ ಕಚ್ಚಿ ಗೀಚಿರಬೇಕು. ಅವಳ ಕಣ್ಣು ತುಂಬಿ ಬಂದು ಮಸೂರ ಮಂಜಾಯಿತು.

ಒಂದು ದಿನದ ಮಟ್ಟಿಗೆ ಎಂದು ಕೇಳಿಕೊಂಡು ಎರಡನ್ನೂ ಮನೆಗೆ ತಂದಳು.

"ಏನಾದ್ರೂ ಗೊತ್ತಾಯ್ತೇನೇ?" ಅಮ್ಮ ಎಂದಿನಂತೆ ಕೇಳಿದಳು.

ಅವಳು ಕಲ್ಲುಗಳನ್ನು ಅಮ್ಮನ ಮಡಿಲಲ್ಲಿಟ್ಟಳು. "ಅಣ್ಣ ಬರಲ್ಲಮ್ಮ. ಆದ್ರೆ ಒಬ್ಬನೇ ಇರ್ಲಿಲ್ಲ."

ಅಮ್ಮ ದೊಡ್ಡದರ ಗುರುತು ಸವರಿದಳು. ಚಿಕ್ಕದನ್ನು ಬಹಳ ಹೊತ್ತು ಹಿಡಿದಿದ್ದಳು.

"ಇದು ಯಾರದೇ, ಇಷ್ಟು ಪುಟ್ಟದು?"

"ಅವನ ಹತ್ರ ಕಲೀತಿದ್ದ ಮಗೂದು."

ಅಮ್ಮ ಚಿಕ್ಕ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದು ಹೋಗಿ, ತುಕ್ಕು ಹಿಡಿದ ಚಿಲಕವನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಸರಿಸಿ ಹಾಕಿದಳು.