ಮೇಲ್ಮನೆಯ ಹೊಗಳಿಕೆ

ನನ್ನ ಗಂಡ ಗಾಟ್‌ಹಿಲ್ಫ್ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನನ್ನ ಕೈತಪ್ಪಿ ಹೋದ. ದೂರವೇನೂ ಹೋಗಲಿಲ್ಲ, ಹದಿನೆಂಟು ಮೆಟ್ಟಿಲು ಹತ್ತಿ ಮೇಲ್ಮನೆಗೆ ಹೋದ. ಅಲ್ಲಿ ಓಹಾಯೊದಿಂದ ಬಂದ ಲೊರೆಟಾ ಎಂಬ ವಿಧವೆ ಬಾಡಿಗೆಗಿದ್ದಳು. ಯಾರೂ ಇಲ್ಲಸಲ್ಲದ್ದನ್ನು ಊಹಿಸಿಕೊಳ್ಳಬೇಡಿ. ಅವನು ಹೋಗುತ್ತಿದ್ದದ್ದು ಹಾಡುವುದಕ್ಕೆ.

ಲೊರೆಟಾಳ ಮಗಳು ಸ್ಟಟ್‌ಗಾರ್ಟ್ ಬಳಿಯ ಅಮೆರಿಕನ್ ಸೈನ್ಯದ ಠಾಣೆಯಲ್ಲಿ ನರ್ಸ್. ಮಗಳ ಜೊತೆ ಇರಲೆಂದು ಬಂದವಳು ಅಲ್ಲಿ ಜಾಗ ಸಾಲದೆ ನಮ್ಮ ತಲೆಯ ಮೇಲೆ ಬಂದು ಕೂತಳು. ನಮ್ಮ ಜರ್ಮನ್ ಭಾಷೆಯನ್ನು ಅಜ್ಜಿಯಿಂದ ಕಲಿತಿದ್ದಳಂತೆ, ಬಡಬಡ ಮಾತಾಡುತ್ತಿದ್ದಳು. ಬಂದ ದಿನವೇ ಮೂವತ್ತೆರಡೂ ಹಲ್ಲು ಕಾಣುವಂತೆ ನಕ್ಕು, "ಟ್ರೌಡೆ, ನಿನ್ನ ನೋಡಿ ಎಷ್ಟು ಖುಷಿಯಾಯ್ತು ಗೊತ್ತಾ!" ಎಂದು ನನ್ನನ್ನು ತಬ್ಬಿಕೊಂಡಳು. ಎದುರುಮನೆಯ ಶ್ರೀಮತಿ ನೇಗೆಲೆಯನ್ನು ನಾನು ಇಪ್ಪತ್ತಾರು ವರ್ಷದಿಂದ ಬಲ್ಲೆ. ಇಬ್ಬರ ಪಿತ್ತಕೋಶದ ಆಪರೇಷನ್ನೂ ಒಂದೇ ವಾರದಲ್ಲಿ ಆಗಿದೆ. ಇವತ್ತಿಗೂ ಒಬ್ಬರಿಗೊಬ್ಬರು 'ನೀವು' ಎಂದೇ ಅನ್ನುತ್ತೇವೆ. ಈ ಹೆಂಗಸಿಗೆ ನನ್ನ ಹೆಸರು ತಿಳಿದು ಐದು ನಿಮಿಷವೂ ಆಗಿರಲಿಲ್ಲ.

ನಮ್ಮ ಕಡೆ ಮೆಟ್ಟಿಲು ಗುಡಿಸುವ ಸರದಿ ವಾರಕ್ಕೊಂದು ಮನೆಯದು. ಸರದಿ ಮುಗಿದವರು ಮುಂದಿನವರ ಬಾಗಿಲಿಗೆ ಪೊರಕೆಯ ಚಿತ್ರವಿರುವ ಮರದ ಹಲಗೆ ನೇತುಹಾಕುತ್ತಾರೆ. ಲೊರೆಟಾ ಅದನ್ನು ಸ್ವಾಗತದ ಉಡುಗೊರೆ ಎಂದುಕೊಂಡಳು. ಕೆಂಪು ರಿಬ್ಬನ್ ಕಟ್ಟಿ ಗೋಡೆಗೆ ತೂಗುಹಾಕಿ, ಫೋಟೊ ತೆಗೆದು ತನ್ನೂರಿಗೆಲ್ಲ ಕಳಿಸಿದಳು. ಮೂರು ವಾರ ಇಡೀ ಕಟ್ಟಡದಲ್ಲಿ ಯಾರೂ ಗುಡಿಸಲಿಲ್ಲ, ಯಾಕೆಂದರೆ ಹಲಗೆ ಬಾರದೆ ನಾವು ಪೊರಕೆ ಮುಟ್ಟುವವರಲ್ಲ. ನಾವೇನು ಕಮ್ಮಿಯವರೇ? ಧೂಳಿನಲ್ಲಿ ಮೂಡಿದ ನಮ್ಮ ಹೆಜ್ಜೆಗಳನ್ನು ನಾವೇ ನೋಡಿಕೊಂಡು ಓಡಾಡಿದೆವು, ನಿಯಮ ಮಾತ್ರ ಮುರಿಯಲಿಲ್ಲ. ಕೊನೆಗೆ ನಾನೇ ಹೋಗಿ ವಿಷಯ ಹೇಳಿದೆ.

"ಅಯ್ಯೋ, ಎಂಥಾ ಚೆಂದದ ಪದ್ಧತಿ!" ಎಂದು ಚಪ್ಪಾಳೆ ತಟ್ಟಿದಳು. ಗುಡಿಸಿದಳು ಕೂಡ, ಮೂಲೆಗಳನ್ನು ಬಿಟ್ಟು.

ಅವಳ ಬಾಯಲ್ಲಿ ಯಾವಾಗಲೂ 'ನಮ್ಮೂರಲ್ಲಿ'. ನಮ್ಮೂರಲ್ಲಿ ನೀರು ಕೇಳಿದರೆ ಲೋಟದ ತುಂಬ ಐಸು ಹಾಕಿ ಕೊಡುತ್ತಾರೆ. ನಮ್ಮೂರಲ್ಲಿ ಬಟ್ಟೆಯನ್ನು ಹಗ್ಗಕ್ಕೆ ಹಾಕುವುದಿಲ್ಲ, ಮೆಷಿನ್ನೇ ಒಣಗಿಸುತ್ತದೆ. ಜನವರಿಯಲ್ಲಿ ನಾನು ಬೆಳಗ್ಗೆ ಎಲ್ಲ ಕಿಟಕಿ ತೆರೆದು ಮನೆಗೆ ಗಾಳಿ ಬಿಟ್ಟರೆ ಕೋಟು ತೊಟ್ಟುಕೊಂಡು ಬಂದು ನಿಲ್ಲುತ್ತಿದ್ದಳು.

"ದುಡ್ಡು ಕೊಟ್ಟು ಮನೆ ಬಿಸಿ ಮಾಡ್ಕೊಂಡು ಆಮೇಲೆ ಬೀದಿಗೆ ಬಿಡ್ತೀಯಲ್ಲ ಟ್ರೌಡೆ?"

"ನಿಮ್ಮೂರಲ್ಲಿ ನಿನ್ನೆಯ ಉಸಿರನ್ನೇ ಇವತ್ತೂ ಎಳ್ಕೋತೀರಾ?" ಎಂದೆ ನಾನು.

ಭಾನುವಾರ ಅಂಗಡಿ ಮುಚ್ಚಿರುವುದನ್ನು ನೋಡಿ, "ಪಾಪ, ಜನ ಇಡೀ ದಿನ ಏನ್ಮಾಡ್ತಾರೆ?" ಎಂದು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಅವಳು ಖಾಲಿ ಬಾಟಲಿಗಳನ್ನು ಬೀದಿಯ ಡಬ್ಬಕ್ಕೆ ಠಣ್ ಠಣ್ ಎಂದು ಎಸೆಯಲು ಹೋದಳು. ಭಾನುವಾರ ಸದ್ದು ಮಾಡಬಾರದೆಂಬುದು ಅವಳಿಗೆ ಗೊತ್ತಿರಲಿಲ್ಲ. ಐದು ಕಿಟಕಿಯಲ್ಲಿ ಐದು ತಲೆ ಕಾಣಿಸಿದವು, ನೇಗೆಲೆ ಮನೆಚಪ್ಪಲಿಯಲ್ಲೇ ಕೆಳಗಿಳಿದಳು. ಜನ ಭಾನುವಾರ ಏನು ಮಾಡುತ್ತಾರೆಂಬುದು ಲೊರೆಟಾಳಿಗೆ ಆಗ ತಿಳಿಯಿತು.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅವಳ ಹೊಗಳಿಕೆ. ಕೊಳವೆ ರಿಪೇರಿಯವನು ಚರಂಡಿಯಿಂದ ಕೂದಲಿನ ಗಂಟು ಎಳೆದರೆ, "ಅದ್ಭುತ! ನೀನು ಕಲಾವಿದ!" ಅನ್ನುತ್ತಿದ್ದಳು. ಅಂಚೆಯವನು ಅದ್ಭುತ, ಬಟಾಣಿ ಅದ್ಭುತ, ಬಸ್ಸು ಹೊತ್ತಿಗೆ ಸರಿಯಾಗಿ ಬಂದದ್ದು ಪರಮಾದ್ಭುತ. ಹೇಗಿದ್ದೀಯ ಎಂದು ನನ್ನನ್ನು ಕೇಳುತ್ತಾಳೆ. ನಾನು ಮೊಣಕಾಲಿನ ಕಥೆ ಶುರು ಮಾಡುವಷ್ಟರಲ್ಲಿ ಎರಡು ಮೆಟ್ಟಿಲು ಹತ್ತಿ ಹೋಗಿರುತ್ತಾಳೆ.

ನಾವು ಹಾಗಲ್ಲ. ಊಟ ಬಹಳ ರುಚಿಯಾಗಿದ್ದರೆ 'ತಿನ್ನಬಹುದು' ಅನ್ನುತ್ತೇವೆ. ತಟ್ಟೆ ಖಾಲಿಯಾಗಿ ಯಾರೂ ಬೈಯದಿದ್ದರೆ ಅಡುಗೆ ಮಾಡಿದವಳಿಗೆ ಅರ್ಥವಾಗುತ್ತದೆ. ಮದುವೆಯ ದಿನ ಗಾಟ್‌ಹಿಲ್ಫ್ ನನ್ನ ಉಡುಪನ್ನು ಮೇಲಿಂದ ಕೆಳಗೆ ನೋಡಿ "ಕೆಟ್ಟದ್ದೇನಲ್ಲ" ಎಂದ. ಒಂದು ವಾರ ನನಗೆ ಭೂಮಿಯ ಮೇಲೆ ಕಾಲೇ ನಿಲ್ಲಲಿಲ್ಲ. ನಲವತ್ತೊಂದು ವರ್ಷ ಹೀಗೇ ಸುಖವಾಗಿ ಕಳೆಯಿತು. ಸುಖವಾಗಿ ಎಂದು ನಾನು ತಿಳಿದಿದ್ದೆ.

ಆ ಶರತ್ಕಾಲದಲ್ಲಿ ನಮ್ಮೂರಿನ ಗಂಡಸರ ಗಾಯನ ಸಂಘದವರು ಗಾಟ್‌ಹಿಲ್ಫ್‌ಗೆ ಒಬ್ಬನೇ ನಿಂತು ಹಾಡುವ ಹಾಡು ಕೊಟ್ಟರು. ಮೂವತ್ತು ವರ್ಷ ಹಿಂದಿನ ಸಾಲಿನಲ್ಲಿ ನಿಂತು ಬಾಯಿ ತೆರೆದು ಮುಚ್ಚಿದವನಿಗೆ ಇದು ಮೊದಲ ಸಲ. ವಾರ್ಷಿಕ ಸಂಜೆ ಅಕ್ಟೋಬರಿನ ಕೊನೆಯ ಶನಿವಾರ. ಪಂಪಿನ ಕಾರ್ಖಾನೆಯಲ್ಲಿ ಲೇತ್ ಮೇಲೆ ಕಬ್ಬಿಣ ಕಡೆದು ನಿವೃತ್ತನಾದ ಮನುಷ್ಯ ಕನ್ನಡಿಯ ಮುಂದೆ ನಿಂತು ಎದೆಯುಬ್ಬಿಸುವುದನ್ನು ನಾನು ನೋಡಿದೆ. ಅಡುಗೆಮನೆಗೆ ಬಂದು ಹಾಡಿ ತೋರಿಸಿದ.

"ಹೆಂಗಿತ್ತು?"

"ಸ್ವರ ತಪ್ಪಲಿಲ್ಲ," ಎಂದೆ.

ಇದಕ್ಕಿಂತ ದೊಡ್ಡ ಪ್ರಶಸ್ತಿ ನನ್ನ ತಾಯಿಯ ವಂಶದಲ್ಲಿ ಯಾರೂ ಯಾರಿಗೂ ಕೊಟ್ಟಿಲ್ಲ. ಅವನು ತಲೆಯಾಡಿಸಿ ಹೊರಟ. ಅಷ್ಟರಲ್ಲಿ ಮೇಲಿನಿಂದ ಧಡಧಡ ಇಳಿದು ಬಂದಳು ಲೊರೆಟಾ, ಕಣ್ಣು ಒರೆಸಿಕೊಳ್ಳುತ್ತ.

"ಹಾಡಿದ್ದು ನೀನಾ? ನೋಡು, ನನ್ನ ಕೈ ನೋಡು, ರೋಮ ಎದ್ದು ನಿಂತಿದೆ! ಅದ್ಭುತ ಗಾಟ್‌ಹಿಲ್ಫ್, ಅದ್ಭುತ!"

ನನ್ನ ಗಂಡನ ಕಿವಿಯ ತುದಿ ಕೆಂಪಾಯಿತು. ಮಾರನೆಯ ದಿನದಿಂದ ಅವನ ಅಭ್ಯಾಸ ಮೇಲ್ಮನೆಯಲ್ಲಿ. ದಿನಾ ನಾಲ್ಕು ಗಂಟೆಗೆ ಕೂದಲು ಬಾಚಿಕೊಂಡು ಹೊರಟರೆ ಆರಕ್ಕೆ ಇಳಿಯುತ್ತಿದ್ದ. ಚಾವಣಿಯ ಮೂಲಕ ಹಾಡು, ಆಮೇಲೆ ಚಪ್ಪಾಳೆ, ಆಮೇಲೆ 'ಓ ಮೈ ಗಾಡ್'. ನಾನು ಕೆಳಗೆ ಆಲೂಗಡ್ಡೆ ಸುಲಿಯುತ್ತ ಕೂತಿದ್ದೆ. ಹೊಟ್ಟೆ ಉರಿಯಿತು ಎಂದು ಒಪ್ಪಿಕೊಳ್ಳುತ್ತೇನೆ, ಸುಳ್ಳು ಹೇಳುವುದು ನನಗೆ ಬರುವುದಿಲ್ಲ.

ಅವಳ ಮಾತಿಗೆ ಬೆಲೆ ಎಷ್ಟೆಂದು ಅವನ ಕಣ್ಣೆದುರೇ ತೋರಿಸಬೇಕು ಅನ್ನಿಸಿತು. ಶನಿವಾರಕ್ಕೆ ಆರು ದಿನ ಇರುವಾಗ, ಭಾನುವಾರದ ಮಧ್ಯಾಹ್ನದ ಕಾಫಿಗೆ ಅವಳನ್ನು ಕರೆದೆ. ಸೇಬಿನ ಕೇಕು ಮಾಡಿದೆ, ನನ್ನ ಅಜ್ಜಿಯ ವಿಧಾನದಲ್ಲಿ. ಸಕ್ಕರೆ ಹಾಕುವ ಜಾಗದಲ್ಲಿ ಉಪ್ಪು ಹಾಕಿದೆ. ಅಳತೆಯಲ್ಲಿ ಜಿಪುಣತನ ಮಾಡಲಿಲ್ಲ.

ಲೊರೆಟಾ ಹೊಳೆಯುವ ಕೋಟಿನಲ್ಲಿ ಬಂದಳು. ಗಾಟ್‌ಹಿಲ್ಫ್ ಕುರ್ಚಿ ಎಳೆದುಕೊಟ್ಟ. ನನಗೆ ಅವನು ಕುರ್ಚಿ ಎಳೆದುಕೊಟ್ಟದ್ದು ಕಾಲು ಮುರಿದಾಗ ಮಾತ್ರ. ನಾನು ದೊಡ್ಡ ತುಂಡು ಕತ್ತರಿಸಿ ಅವಳ ತಟ್ಟೆಗೆ ಹಾಕಿದೆ. ಅವಳು ಮೊದಲ ತುತ್ತು ಬಾಯಿಗಿಟ್ಟಳು. ಕಣ್ಣು ಒಂದು ಕ್ಷಣ ನಿಂತುಬಿಟ್ಟಿತು. ನನ್ನ ಮುಖ ನೋಡಿದಳು, ನಿಧಾನವಾಗಿ ನುಂಗಿದಳು.

"ಹೇಗಿದೆ?" ಎಂದೆ.

"ಟ್ರೌಡೆ, ಅದ್ಭುತ," ಎಂದಳು. "ಇಂಥದ್ದನ್ನ ನಾನು ಎಲ್ಲೂ ತಿಂದಿಲ್ಲ."

"ಇನ್ನೊಂದು ತುಂಡು?"

"ಹಾಕು."

ಎರಡನೆಯದನ್ನೂ ತಿಂದಳು, ಮಾಡುವ ವಿಧಾನ ಬರೆದುಕೊಡು ಎಂದೂ ಕೇಳಿದಳು. ನನಗೆ ಒಳಗೊಳಗೇ ಕುಣಿಯುವಂತಾಯಿತು. "ಗಾಟ್‌ಹಿಲ್ಫ್, ನೀನೂ ತಿನ್ನು," ಎಂದು ಅವನ ತಟ್ಟೆಗೊಂದು ಹಾಕಿದೆ. ಅವನು ಕಚ್ಚಿ, ಕೆಮ್ಮಿ, ಕರವಸ್ತ್ರಕ್ಕೆ ಉಗಿದ.

"ಏನೇ ಇದು? ಬರೀ ಉಪ್ಪು!"

"ಹೌದು, ಉಪ್ಪು," ಎಂದೆ ಎದ್ದು ನಿಂತು. "ಬೇಕಂತಲೇ ಹಾಕಿದ್ದು. ಇವಳು ಎರಡು ತುಂಡು ತಿಂದು ಅದ್ಭುತ ಅಂದ್ಲು, ಕೇಳಿಸ್ತಾ? ನಿನ್ನ ಹಾಡಿಗೂ ಇವಳು ಅದೇ ಬಾಯಲ್ಲಿ ಅದ್ಭುತ ಅಂದಿದ್ದು."

ಲೊರೆಟಾ ನಗಲಿಲ್ಲ. ಹಲ್ಲು ಕಾಣಿಸದ ಅವಳ ಮುಖವನ್ನು ನಾನು ನೋಡಿದ್ದು ಅದೇ ಮೊದಲು, ವಯಸ್ಸಾದವಳ ಹಾಗೆ ಕಂಡಳು.

"ಮೊದಲ ತುತ್ತಲ್ಲೇ ಗೊತ್ತಾಯ್ತು ಟ್ರೌಡೆ," ಎಂದಳು. "ನಿನಗೆ ಮರೆವು ಶುರುವಾಗಿದೆ ಅಂದ್ಕೊಂಡೆ. ನಮ್ಮಮ್ಮನಿಗೂ ಹಾಗೇ ಶುರುವಾಗಿದ್ದು, ಸಕ್ಕರೆಗೂ ಉಪ್ಪಿಗೂ ವ್ಯತ್ಯಾಸ ತಿಳೀತಿರ್ಲಿಲ್ಲ. ಗಂಡನ ಮುಂದೆ ನಿನಗೆ ಅವಮಾನ ಆಗ್ಬಾರ್ದು ಅಂತ ತಿಂದೆ. ಅದಕ್ಕೇ ವಿಧಾನ ಬರೆದುಕೊಡು ಅಂದೆ, ನಿನಗೆ ನೆನಪಿದೆಯಾ ಅಂತ ನೋಡೋಣ ಅಂತ."

ಕೋಟು ತೆಗೆದುಕೊಂಡು ಬಾಗಿಲವರೆಗೆ ಹೋದವಳು ತಿರುಗಿದಳು. "ನಮ್ಮೂರಲ್ಲಿ ಜನ ಸುಳ್ಳು ಹೇಳ್ತೀವಿ, ಒಪ್ಕೋತೀನಿ. ಆದ್ರೆ ಯಾರನ್ನೂ ಮನೆಗೆ ಕರೆದು ಹೀಗೆ ಮಾಡಲ್ಲ."

ಅವಳು ಮೆಟ್ಟಿಲು ಹತ್ತುವ ಸದ್ದು ನಿಂತ ಮೇಲೆ ನಾನು ತಟ್ಟೆ ಎತ್ತತೊಡಗಿದೆ. ಗೆದ್ದವಳು ನಾನೇ.

"ನಾನೇನು ಪೆದ್ದ ಅಂದ್ಕೊಂಡಿದೀಯಾ?" ಎಂದ ಗಾಟ್‌ಹಿಲ್ಫ್. "ಅವಳು ಚರಂಡಿಯವನಿಗೂ ಹಂಗೇ ಅಂತಾಳೆ ಅಂತ ನನಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು ಕಣೇ. ಆದ್ರೂ ದಿನಾ ಹೋಗಿ ಕೇಳಿಸ್ಕೊಂಡೆ."

"ಸುಳ್ಳಂತ ಗೊತ್ತಿದ್ದೂ?"

"ನಿಜ ಹೇಳೋರು ಬಾಯೇ ಬಿಡ್ಲಿಲ್ವಲ್ಲ." ಕಪ್ಪನ್ನು ಪಕ್ಕಕ್ಕೆ ಸರಿಸಿದ. "ಈಗ ನೀನು ಹೇಳು. ಅವಳ ಮಾತು ಬಿಡು. ನಲವತ್ತೊಂದು ವರ್ಷದಿಂದ ಸ್ನಾನದ ಮನೇಲಿ ನಾನು ಇದೇ ಹಾಡು ಹಾಡೋದನ್ನ ಕೇಳ್ತಿದೀಯ. ಶನಿವಾರ ಊರ ಮುಂದೆ ನಿಲ್ಬೇಕು. ನನ್ನ ಧ್ವನಿ ಹೆಂಗಿದೆ?"

ಅವನು ನನ್ನನ್ನೇ ನೋಡುತ್ತಿದ್ದ. ಹಾಗೆ ಯಾವತ್ತೂ ಕೇಳಿದವನಲ್ಲ. ಇಡೀ ಕಟ್ಟಡದಲ್ಲಿ ಸುಳ್ಳು ಹೇಳದವಳು ನಾನೊಬ್ಬಳೇ, ಅದನ್ನು ಈಗಷ್ಟೇ ಸಾಬೀತು ಮಾಡಿದ್ದೆ. ಆದ್ದರಿಂದ ನಿಜ ಹೇಳಿದೆ.

"ಮೇಲಿನ ಸ್ವರಕ್ಕೆ ಹೋದಾಗ ಒಡೆಯತ್ತೆ."

"ಹಂಗಾ."

"ಮೂರನೇ ಸಾಲಲ್ಲಿ. ಯಾವಾಗ್ಲೂ."

"ಸರಿ," ಎಂದ. ಹಾಲ್‌ಗೆ ಹೋಗಿ ಸಂಘದ ಮುಖ್ಯಸ್ಥ ಷ್ವೆಂಕ್ ಅವರಿಗೆ ಫೋನು ಮಾಡಿ, ಗಂಟಲು ಸರಿಯಿಲ್ಲ, ಬೇರೆಯವರಿಗೆ ಕೊಡಿ ಎಂದು ಹೇಳಿದ. ಮರ್ಯಾದೆಯಿಂದ, ಎರಡು ನಿಮಿಷದಲ್ಲಿ ಮುಗಿಯಿತು.

ಶನಿವಾರ ಬೇಕರಿಯವರ ಅಳಿಯ ಆ ಹಾಡು ಹಾಡಿದ. ಅವನ ಧ್ವನಿ ಮೂರನೇ ಸಾಲಿನಲ್ಲಿ ಒಡೆಯಲಿಲ್ಲ, ಬೇರೆಲ್ಲೂ ಏನೂ ಆಗಲಿಲ್ಲ. ಹಾಲಿನ ಪುಡಿಯಿಂದ ಮಾಡಿದ ಹಾಲಿನ ಹಾಗಿತ್ತು. ಹಿಂದಿನ ಸಾಲಿನಲ್ಲಿ ನನ್ನ ಗಂಡ ಬಾಯಿ ತೆರೆದು ಮುಚ್ಚುತ್ತಿದ್ದ. ಮುಂದಿನ ಕುರ್ಚಿಯಲ್ಲಿ ಲೊರೆಟಾ ಎದ್ದು ನಿಂತು ಚಪ್ಪಾಳೆ ತಟ್ಟಿದಳು, ನಾವೆಲ್ಲ ಕೂತೇ ತಟ್ಟಿದೆವು.

ಆಮೇಲೆ ಮನೆಯಲ್ಲಿ ಹಾಡು ನಿಂತಿತು. ಸ್ನಾನದ ಮನೆಯಿಂದ ನೀರಿನ ಸದ್ದು ಬಿಟ್ಟರೆ ಏನಿಲ್ಲ. ಮೊದಲ ವಾರ ಒಳ್ಳೆಯದೇ ಆಯಿತು ಎಂದುಕೊಂಡೆ. ಎರಡನೆಯ ವಾರ ನನಗೊಂದು ಸಂಗತಿ ತಿಳಿಯಿತು, ಈ ವಯಸ್ಸಿನಲ್ಲಿ ತಿಳಿದದ್ದಕ್ಕೆ ನಾಚಿಕೆಯಾಗುತ್ತದೆ. ನಲವತ್ತೊಂದು ವರ್ಷ ಅವನು ಹಾಡಲು ಶುರು ಮಾಡಿದ ಕೂಡಲೇ ನಾನು ರೇಡಿಯೊ ನಿಲ್ಲಿಸುತ್ತಿದ್ದೆ. ಒಲೆಯ ಮೇಲೆ ಏನಿದ್ದರೂ ಉರಿ ತಗ್ಗಿಸಿ ಬಾಗಿಲ ಬಳಿ ನಿಲ್ಲುತ್ತಿದ್ದೆ. ಮೂರನೇ ಸಾಲಿಗೆ ಬಂದಾಗ ಆ ಧ್ವನಿ ಒಡೆಯುವುದನ್ನೇ ಕಾಯುತ್ತಿದ್ದೆ, ಅಲ್ಲಿ ನನ್ನೆದೆ ತುಂಬಿ ಬರುತ್ತಿತ್ತು. ಇದೂ ನಿಜವೇ ಆಗಿತ್ತು. ಅವನು ಕೇಳಿದಾಗ ನನಗೆ ನೆನಪಾದದ್ದು ತಪ್ಪು ಮಾತ್ರ. ನಿಜವೆಂದರೆ ತಪ್ಪಿನ ಪಟ್ಟಿ ಎಂದೇ ನಮ್ಮನ್ನು ಬೆಳೆಸಿದ್ದರು, ನಾನೂ ಹಾಗೇ ನಂಬಿ ಮುದುಕಿಯಾದೆ.

ಮೇಲ್ಮನೆಗೆ ಹೋಗಿ ಕ್ಷಮೆ ಕೇಳಿದೆ. ಲೊರೆಟಾ ತಬ್ಬಿಕೊಂಡು, "ಮರೆತುಬಿಡು ಟ್ರೌಡೆ, ಏನೂ ಆಗಿಲ್ಲ," ಎಂದಳು. ಅವಳು ನಿಜವಾಗಿ ಮರೆತಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮಾರನೆಯ ಬೆಳಗ್ಗೆ ಗಾಟ್‌ಹಿಲ್ಫ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ. ನಾನು ಎದುರು ಕೂತೆ. ಗಂಟಲು ಸರಿಮಾಡಿಕೊಂಡೆ. ಹೆರಿಗೆಯಲ್ಲೂ ಇಷ್ಟು ಬೆವತಿರಲಿಲ್ಲ.

"ನಿನ್ನ ಹಾಡು ಅಂದ್ರೆ ನನಗೆ ಇಷ್ಟ," ಎಂದೆ. "ಯಾವಾಗ್ಲೂ ನಿಂತು ಕೇಳ್ತಿದ್ದೆ. ಬಹಳ ಚೆನ್ನಾಗಿ ಹಾಡ್ತೀಯ ಗಾಟ್‌ಹಿಲ್ಫ್. ನಿಜವಾಗ್ಲೂ."

ಅವನ ಚಾಕು ನಿಂತಿತು. ನನ್ನ ಮುಖವನ್ನು ಬಹಳ ಹೊತ್ತು ನೋಡಿದ, ಅಳತೆ ಸರಿಯಿದೆಯೇ ಎಂದು ಕಾರ್ಖಾನೆಯಲ್ಲಿ ಕಬ್ಬಿಣವನ್ನು ನೋಡುತ್ತಿದ್ದ ಹಾಗೆ. ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದ:

"ನಿನ್ನೆ ಮೇಲೆ ಹೋಗಿದ್ಯಲ್ಲ, ಅವಳು ಹೇಳಿಕೊಟ್ಲಾ?"