ಮೈಲಮ್ಮನ ಮಣಿಕಟ್ಟಿನ ವಯಸ್ಸು

೧೯೫೯ರಲ್ಲಿ ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಒಬ್ಬ ಡಾಕ್ಟರ ಬಳಿ ಎಕ್ಸ್‌ರೇ ತೆಗೆಯುತ್ತಿದ್ದೆ. ನನ್ನ ಕೆಲಸ ಚೊಕ್ಕ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಒಂದು ಶುಕ್ರವಾರ ಮೈಲಮ್ಮ ಬಂದಳು, ಜೊತೆಗೆ ಅತ್ತೆ ದುರುಗವ್ವ. ಮೈಲಮ್ಮ ನನ್ನ ಮೇಜಿಗಿಂತ ಎರಡು ಗೇಣು ಎತ್ತರವಿದ್ದಳು, ಅಷ್ಟೆ. ಎರಡು ಮಕ್ಕಳ ತಾಯಿ ಎಂದರೆ ಯಾರೂ ನಂಬುವಂತಿರಲಿಲ್ಲ.

ಹತ್ತಿ ಗಿರಣಿಯವರೂ ನಂಬಿರಲಿಲ್ಲ. ನೂಲು ಸುತ್ತುವ ಕೆಲಸ ಕೇಳಲು ಹೋದವಳನ್ನು ಗುಮಾಸ್ತ "ಏ ಕೂಸೇ, ಮನಿಗೆ ಹೋಗು" ಎಂದು ಅಟ್ಟಿದ್ದನಂತೆ. ಅವಳು ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿರಲಿಲ್ಲ. ಹದಿನೆಂಟು ತುಂಬಿದೆಯೆಂಬ ಡಾಕ್ಟರ ಚೀಟಿಯನ್ನು ಶನಿವಾರದೊಳಗೆ ತಂದರೆ ಕೆಲಸ, ಇಲ್ಲದಿದ್ದರೆ ಅದು ಬೇರೆಯವರ ಪಾಲು. ವಯಸ್ಸು ತಿಳಿಯಲು ಅವಳ ಮಣಿಕಟ್ಟಿನ ಎಕ್ಸ್‌ರೇ ತೆಗೆ ಎಂದು ಡಾಕ್ಟರು ನನಗೆ ಹೇಳಿದರು.

"ಎಲುಬು ನೋಡಿದ್ರ ವಯಸ್ಸು ಹೆಂಗ್ ಗೊತ್ತಾಗ್ತೈತ್ರಿ?" ಮೈಲಮ್ಮ ಕೇಳಿದಳು.

"ಬೆಳೆಯೋತನಕ ಮಣಿಕಟ್ಟಿನ ಎಲುಬಿನ ತುದಿ ಬ್ಯಾರೆ ತುಂಡಾಗಿ ಇರ್ತೈತವ್ವ. ನಡುವೆ ಒಂದು ಗೆರೆ ಕಾಣ್ತೈತೆ. ಹದಿನೆಂಟು, ಹತ್ತೊಂಬತ್ತು ದಾಟಿದ ಮ್ಯಾಲೆ ಎರಡೂ ಬೆಸ್ಕೊಂಡು ಗೆರೆ ಮಾಯ ಆಗ್ತೈತೆ. ಬಳೆ ತೆಗಿ" ಎಂದೆ ನಾನು.

ದುರುಗವ್ವ ಉರಿದುಬಿದ್ದಳು. "ನನ್ನ ಮಗ ಹರಿಹರದ ಕಾರ್ಖಾನ್ಯಾಗ ಮಿಷನ್ ಮುಂದ ದುಡೀತಾನ. ಅವನು ಕಲ್ಲುಗುಂಡಿನಂಗ ಇರುವಾಗ ಸೊಸಿ ಕೈ ಬೋಳು ಮಾಡ್ತೀರೇನು? ಮುಟ್ಟಬ್ಯಾಡ್ರಿ!"

ಒಂದು ಡಜನ್ ಹಸಿರು ಗಾಜಿನ ಬಳೆ, ಮೇಲೆ ಸರಿಸಲೂ ಆಗದಷ್ಟು ಬಿಗಿ. ನಾನು ಹಟಕ್ಕೆ ಬಿದ್ದು ಹಾಗೇ ಎಕ್ಸ್‌ರೇ ತೆಗೆದೆ. ಫಿಲ್ಮ್ ತೊಳೆದು ನೋಡಿದರೆ ಬರೀ ಬಳೆಗಳು. ಗೆರೆ ಹುಡುಕಬೇಕಾದ ಜಾಗವೇ ಮುಚ್ಚಿಹೋಗಿತ್ತು. ಫಿಲ್ಮ್ ದಂಡವಾಯಿತೆಂದು ಕೂಗಾಡಿದೆ. ಮೈಲಮ್ಮ ಅಳಲಿಲ್ಲ. "ನಾಳೇನೇ ಶನಿವಾರ ಐತ್ರಿ" ಎಂದಳು. ನನಗೆ ನಾಚಿಕೆಯಾಯಿತು.

ನಾಚಿಕೆಗೆ ಕಾರಣವಿತ್ತು. ನಾನು ಬಳೆ ಮಾರುವವರ ಮಗ. ನಮ್ಮಮ್ಮ ಹಜೀರಾಬೀ ಮುತ್ತೈದೆಯರ ಹಳೆಯ ಬಳೆ ತೆಗೆಯುವ ಮೊದಲು, ಕೈ ಬರಿದಾಗದಿರಲೆಂದು ಅರಿಶಿನದ ದಾರ ಕಟ್ಟುತ್ತಿದ್ದರು. ಹುಟ್ಟಿದಾಗಿನಿಂದ ಕಂಡದ್ದು ಬೇಕಾದ ಹೊತ್ತಿಗೆ ಹೊಳೆದಿರಲಿಲ್ಲ. ಓಡಿಹೋಗಿ ಅಮ್ಮನನ್ನೇ ಕರೆತಂದೆ.

"ಈ ದಾರ ಮಿಷನ್ನಿಗೆ ಕಾಣಂಗಿಲ್ಲ ದುರುಗವ್ವಾ, ದೇವ್ರಿಗೆ ಕಾಣ್ತೈತೆ" ಎನ್ನುತ್ತ ಅಮ್ಮ ಎಡಗೈಗೆ ದಾರ ಕಟ್ಟಿ, ಸೋಪು ಹಚ್ಚಿ, ಬಳೆಗಳನ್ನು ಒಂದೊಂದಾಗಿ ಜಾರಿಸಿದರು. ಒಂದೂ ಒಡೆಯಲಿಲ್ಲ. ದುರುಗವ್ವ ಆ ದಾರವನ್ನೇ ಕಾವಲು ಕಾಯುತ್ತ ಕೂತಳು.

ಈ ಸಲದ ಫಿಲ್ಮ್ ನೋಡಿ ನಾನೇ ಹಿಗ್ಗಿದೆ. ಗೆರೆ ಇರಲಿಲ್ಲ. ಎಲುಬು ಪೂರ್ತಿ ಬೆಸೆದಿತ್ತು. "ಹತ್ತೊಂಬತ್ತು ದಾಟೈತೆ, ಅನುಮಾನ ಇಲ್ಲ" ಎಂದರು ಡಾಕ್ಟರು. "ಎಷ್ಟು ದಾಟೈತೆ ಅಂತ ಈ ಎಲುಬು ಹೇಳಲ್ಲ."

ಅಮ್ಮ ಬಳೆಗಳನ್ನು ಮತ್ತೆ ತೊಡಿಸಿದರು. ಚೀಟಿಯಲ್ಲಿ ಇನ್ನೊಂದು ಸಾಲು ಖಾಲಿಯಿತ್ತು, ಅವಳ ಸ್ವಂತ ಹೇಳಿಕೆಯ ವಯಸ್ಸು. ಡಾಕ್ಟರು ಕೇಳುವುದೇ ತಡ, ದುರುಗವ್ವ "ಇಪ್ಪತ್ತೆರಡು" ಎಂದು ಬಾಯಿ ಹಾಕಿದಳು.

"ಅತ್ತೀ, ಕೇಳಿದ್ದು ನನ್ನ" ಎಂದಳು ಮೈಲಮ್ಮ. ಆವರೆಗೆ ಅವಳ ವಯಸ್ಸನ್ನು ಅವಳನ್ನೇ ಯಾರೂ ಕೇಳಿರಲಿಲ್ಲ. ಬೆರಳು ಮಡಿಚುತ್ತ ಎಣಿಸಿದಳು.

"ಮೂವತ್ತು ಅಂತ ಬರ್ಕೊಳ್ರಿ. ಗಿರಣ್ಯಾಗ ಎಲ್ರೂ ನನ್ನ ಅಕ್ಕಾ ಅನ್ನಲಿ."

ಡಾಕ್ಟರು ನಗು ತಡೆದುಕೊಂಡು ಹಾಗೆಯೇ ಬರೆದರು.